ನಾಲ್ಕು ಭಾಗದ ಮಂಗಳಾರತಿ

ಡೊಂಬಿವಲಿಯ ಭಜನೆಯ ಚರಿತ್ರೆಯನ್ನೇ ಬದಲಿಸಿಬಿಡುತ್ತೇನೆ ಎಂದು ೧೯೯೪ರ ನವರಾತ್ರಿಯಲ್ಲಿ ನಾನು ಘೋರ ಪ್ರತಿಜ್ಞೆ ಮಾಡಿದೆ!

ಕಾರಣ, ಪಕ್ಕದ ಉಲ್ಹಾಸನಗರದ ಬಜಾರಿನಲ್ಲಿ ಸಿಕ್ಕಿದ ಒಂದು ಫಾರಿನ್ ಕ್ಯಾಸೆಟ್. ಮುನ್ನೂರು ವರ್ಷ ಹಳೆಯ ಇಗರ್ಜಿ ಸಂಗೀತಕ್ಕೆ ರಾಕ್ ಡ್ರಮ್ಮು ಸೇರಿಸಿ ಆರ್ಗನ್ನಿನಲ್ಲಿ ಗುಡುಗಿಸಿದ್ದರು. ಒಂದು ಹಾಡಿಗೆ ನಾಲ್ಕು ಭಾಗ. ಮುಗಿಯಿತು ಅಂದುಕೊಂಡಾಗಲೆಲ್ಲ ಮತ್ತೆ ಶುರು! ನಮ್ಮ ಬಿಲ್ಡಿಂಗಿನ ಭಜನಾ ಮಂಡಳಿಯ ಹಾರ್ಮೋನಿಯಂ ಮೋಹನದಾಸರು ಊರಿಗೆ ಹೋಗಿದ್ದರು. ಅವರ ಜಾಗ ಹಿಡಿಯಲು ಇದೇ ಸಮಯವೆಂದು ಕೀಬೋರ್ಡಿನಲ್ಲಿ ಅದೇ ಧಾಟಿಯ ಮಂಗಳಾರತಿ ಕಟ್ಟಿದೆ. ಇಪ್ಪತ್ತೆರಡು ನಿಮಿಷ. ಹೆಂಡತಿ ರತ್ನಾವತಿ ಒಂದೇ ಷರತ್ತು ಹಾಕಿದಳು.

"ಜನ ಬೈದರೆ ಈ ಡಬ್ಬ ಅಟ್ಟಕ್ಕೆ ಹೋಗ್ತದೆ, ಆಯ್ತಾ?"

ನಮ್ಮ ಮಂಡಳಿಯಲ್ಲಿ ವಾದ್ಯ ನಿಲ್ಲುವ ತನಕ ಆರತಿ ಇಳಿಸುವಂತಿಲ್ಲ, ಆರತಿ ಇಳಿಯುವ ತನಕ ಯಾರೂ ಕದಲುವಂತಿಲ್ಲ. ನಮ್ಮ ನಳಗಳಲ್ಲಿ ನೀರು ಬರುವುದೋ ಸಂಜೆ ಏಳರಿಂದ ಏಳೂ ಇಪ್ಪತ್ತರವರೆಗೆ ಮಾತ್ರ. ಏಳಕ್ಕೆ ಆರತಿ ಎತ್ತಿ, ಐದು ನಿಮಿಷದಲ್ಲಿ ಮುಗಿಸಿ, ಎಲ್ಲರೂ ಮನೆಗೆ ಓಡುವುದು ರೂಢಿ. ಕಲಾವಿದನಿಗೆ ಇಂಥ ಕ್ಷುಲ್ಲಕ ವಿಷಯ ನೆನಪಿರುತ್ತದೆಯೇ?

ಅಂದು ಏಳಕ್ಕೆ ಶುರು ಮಾಡಿ, ಮೊದಲ ಭಾಗ ಮುಗಿಸಿ ಗಂಭೀರವಾಗಿ ಕೈಯೆತ್ತಿದೆ. ಸೆಕ್ರೆಟರಿ ಧರ್ಮಪಾಲರು ತಟ್ಟೆ ಇಳಿಸಲು ಬಗ್ಗಿದರು. ಧಡಾರನೆ ಎರಡನೇ ಭಾಗ! ತಟ್ಟೆ ಮೇಲಕ್ಕೆ. ಮೂರನೆಯದರಲ್ಲಿ ಅವರು ಎಡಗೈಯನ್ನೂ ತಟ್ಟೆಯಡಿಗೆ ಆನಿಸಿದರು. ಎಲ್ಲರ ಕಣ್ಣಲ್ಲೂ ನೀರು. ಭಕ್ತಿ ಉಕ್ಕಿತು ಎಂದುಕೊಂಡು ನಾಲ್ಕನೆಯದನ್ನು ಇನ್ನಷ್ಟು ಎಳೆದೆ.

ಕೊನೆಗೆ ಚಪ್ಪಾಳೆಗೆ ಕಾದೆ. ಕೇಳಿಸಿದ್ದು ಮೆಟ್ಟಿಲ ಮೇಲೆ ಓಡುವ ಕಾಲ್ಸಪ್ಪಳ, ಆಮೇಲೆ ಖಾಲಿ ನಳಗಳ ಗೊರಗೊರ.

ಹತ್ತು ನಿಮಿಷದಲ್ಲಿ ಇಡೀ ಬಿಲ್ಡಿಂಗು ಖಾಲಿ ಬಕೆಟ್ ಹಿಡಿದು ನೆಲಮಹಡಿಯ ನಮ್ಮ ಬಾಗಿಲಿಗೆ ಬಂತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ರತ್ನಾವತಿ ಮಾತ್ರ ತಣ್ಣಗೆ ಬಚ್ಚಲಿನ ಬಾಗಿಲು ತೆರೆದಳು. ಡ್ರಮ್ಮು, ಹಂಡೆ, ಕುಕ್ಕರ್ ಕೂಡ ತುಂಬಿ ತುಳುಕುತ್ತಿದ್ದವು!

"ನಿಮ್ಮ ಪ್ರಾಕ್ಟೀಸಿಗೆ ಗಡಿಯಾರ ಇಟ್ಟು ನೋಡಿದ್ದೆ. ನಿನ್ನೆಯೇ ತುಂಬಿಸಿಟ್ಟೆ," ಎಂದಳು. ಮನೆಗೊಂದು ಬಕೆಟ್ ನೀರು, ಹೊರುವ ಕೆಲಸ ಕಲಾವಿದರದ್ದು ಎಂದು ಅವಳೇ ತೀರ್ಪು ಕೊಟ್ಟಳು.

ನಮ್ಮದು ನಾಲ್ಕು ಮಹಡಿ, ಲಿಫ್ಟಿಲ್ಲ. ಧರ್ಮಪಾಲರ ಮನೆ ನಾಲ್ಕನೆಯದರಲ್ಲಿ. ಎರಡನೇ ಮಹಡಿಯಲ್ಲಿ ಏದುಸಿರು ಬಿಡುತ್ತಾ ಬಕೆಟ್ ಇಳಿಸಲು ಬಗ್ಗಿದೆ. ಕೆಳಗಿನಿಂದ ರತ್ನಾವತಿಯ ಸ್ವರ ಕೇಳಿಸಿತು.

"ಇಳಿಸ್ಬೇಡಿ. ಇನ್ನೂ ಎರಡು ಭಾಗ ಉಂಟು."