ಒಸಿ ಅಂದರೆ ಎಷ್ಟು?

ಇಪ್ಪತ್ತು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ. ಜ್ವರ ಅಳೆಯಲು ಥರ್ಮಾಮೀಟರ್ ಇದೆ, ಔಷಧಿ ಅಳೆಯಲು ಮುಚ್ಚಳ ಇದೆ. ನಮ್ಮ ಕೊಳ್ಳೇಗಾಲ ಸೀಮೆಯವರ 'ಒಸಿ'ಯನ್ನು ಅಳೆಯುವ ಸಾಮಾನು ಮಾತ್ರ ಯಾವ ಆಸ್ಪತ್ರೆಗೂ ಬಂದಿಲ್ಲ. ಸ್ವಲ್ಪ ಅನ್ನುವುದಕ್ಕೆ ನಾವು ಒಸಿ ಅನ್ನುತ್ತೇವೆ. ಆ ಸ್ವಲ್ಪ ಎಷ್ಟು ಅನ್ನುವುದು ಹೇಳಿದವರಿಗೇ ಗೊತ್ತು. ದಿನಕ್ಕೊಬ್ಬರಾದರೂ ಆ ಮಾತು ಹೇಳಿ ನನ್ನನ್ನು ಬೇಸ್ತು ಬೀಳಿಸುತ್ತಾರೆ.

ಹಂದಿಯ ಒಸಿ

ಆಗ ಲೊಕ್ಕನಹಳ್ಳಿ ಕಡೆ ಇದ್ದೆ. ಒಂದು ಬೆಳಿಗ್ಗೆ ರೈತರೊಬ್ಬರು ತೊಡೆಗೆ ಟವಲ್ ಸುತ್ತಿಕೊಂಡು ನಡೆದೇ ಬಂದರು.

"ಜ್ವಾಳದ ಒಲದಲ್ಲಿ ಅಂದಿ ಒಸಿ ತಿವುದ್ಬುಡ್ತು ಕಣವ್ವ. ಒಸಿ ಮುಲಾಮು ಕೊಡು, ಓಯ್ತೀನಿ."

ಟವಲ್ ಬಿಚ್ಚಿದರೆ ಗೇಣುದ್ದದ ಗಾಯ! ಡಾಕ್ಟರು ಹದಿನಾಲ್ಕು ಹೊಲಿಗೆ ಹಾಕಿ, ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಎರಡು ದಿನ ಇರಲೇಬೇಕು ಅಂದರು.

"ಅಂಗಾರೆ ಒಸಿ ಕೂತಿರವ್ವ, ದನಕ್ಕೆ ನೀರು ಕುಡ್ಸಿ ಬತ್ತೀನಿ" ಅಂತ ಹೋದರು.

ಬಂದದ್ದು ಎಂಟನೇ ದಿನ, ಹೊಲಿಗೆ ಬಿಚ್ಚಿಸಿಕೊಳ್ಳಲು.

ಬೆಲ್ಲದ ಒಸಿ

ಆಮೇಲೆ ಯಳಂದೂರು ಕಡೆಗೆ ವರ್ಗವಾಯಿತು. ಹೊನ್ನೂರಿನ ಅಜ್ಜಿಯೊಬ್ಬರು ತಿಂಗಳು ತಿಂಗಳೂ ಬರುತ್ತಿದ್ದರು. ಎಷ್ಟು ಮಾತ್ರೆ ನುಂಗಿದರೂ ಶುಗರ್ ಇಳಿಯದು.

"ಸಿಹಿ ತಿಂತೀರಾ ಅಜ್ಜಿ?"

"ಶಿವ ಶಿವಾ! ಉಂಡ್ಮೇಕೆ ಒಸಿ ಬೆಲ್ಲ ಬಾಯ್ಗಾಕತೀನಿ, ಅಷ್ಟೇಯ."

"ಒಸಿ ಅಂದ್ರೆ ಎಷ್ಟು, ತೋರಿಸಿ."

ಅಜ್ಜಿ ಮುಷ್ಟಿ ಕಟ್ಟಿ ತೋರಿಸಿದರು. ಇಡೀ ಒಂದು ಅಚ್ಚು!

"ಇದು ಒಸಿನಾ?"

"ಇನ್ನೇನವ್ವಾ? ನಮ್ಮ ಆಲೆಮನೆ ಕೊಪ್ಪರಿಗೆ ನೋಡಿದ್ದೀಯಾ ನೀನು?"

ಅವ್ವನ ಒಸಿ

ಈ ಎರಡೂ ಕತೆಗಳನ್ನು ಮನೆಗೆ ಬಂದು ಅವ್ವನಿಗೆ ಹೇಳಿದ್ದೆ. ಮೂವತ್ತು ವರ್ಷ ರೇಷ್ಮೆ ನೂಲು ತೆಗೆದ ನನ್ನವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಮುಂದೆ ಅದೇ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. "ಒಸಿ ನೋಯ್ತದೆ, ಗ್ಯಾಸು ಕಣಮ್ಮಿ" ಅನ್ನುತ್ತಿದ್ದಳು. ಊರವರ ಒಸಿಗೆಲ್ಲ ಟವಲ್ ಬಿಚ್ಚಿ ನೋಡಿದ ನಾನು, ಅವ್ವನ ಒಸಿಯನ್ನು ಹಾಗೇ ನಂಬಿ ಆರು ತಿಂಗಳು ಗ್ಯಾಸಿನ ಮಾತ್ರೆ ಕೊಟ್ಟೆ. ಮೈಸೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು. ನಾನು ನರ್ಸ್ ಅಂತ ಹೇಳಿಕೊಳ್ಳಲು ಅವತ್ತು ನಾಚಿಕೆಯಾಯಿತು.

ವಾಪಸ್ ಮನೆಗೆ ಕರೆತಂದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಾ, "ನೋವು ಎಷ್ಟಿದೆ?" ಅಂದೆ.

"ಒಸಿ."

"ಯಾವ ಒಸಿ ಅವ್ವಾ? ಹಂದೀದಾ, ಬೆಲ್ಲದ್ದಾ?"

ಅವ್ವ ಗಂಜಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಅಂದೀದು" ಅಂದಳು.

ಮೊದಲ ಸಲ ನಿಜ ಹೇಳಿದ್ದಳು. ನೋವಿನ ಔಷಧಿ ಕೊಟ್ಟೆ. ಒಂದಷ್ಟು ಹಗುರಾದ ಮೇಲೆ ನನ್ನ ಕೈ ಹಿಡಿದುಕೊಂಡಳು.

"ನಾ ಓಗ್ಬುಟ್ಮೇಕೆ ಅಳ್ತಾ ಕೂತ್ಕಬೇಡ."

"ಇಲ್ಲವ್ವಾ. ಒಸಿ ಅಳ್ತೀನಿ, ಅಷ್ಟೆ."

ಅವ್ವ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು.

"ಯಾವ ಒಸಿ ಕಣಮ್ಮಿ?"

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಗಂಜಿ ಲೋಟ ಉರುಳಿ ಹಾಸಿಗೆಯೆಲ್ಲ ಒದ್ದೆಯಾಯಿತು.

ಅವ್ವ ಹೋಗಿ ಎರಡು ವರ್ಷವಾಯಿತು. ಹೇಗಿದ್ದೀರಿ ಸಿಸ್ಟರ್ ಅಂತ ಯಾರಾದರೂ ಕೇಳಿದರೆ, "ಒಸಿ ಬೇಜಾರು" ಅನ್ನುತ್ತೇನೆ. ಯಾವ ಒಸಿ ಅಂತ ಕೇಳುವವರು ಯಾರೂ ಇಲ್ಲ.