‘ಎನಫ್’ ಎಲ್ಲಿ ಇಡಬೇಕ್ರಿ, ಅಕ್ಕೋರ?

ನಾನು ನಿಪ್ಪಾಣಿಯಿಂದ ದಿನಾ ಬಸ್ಸಿನಲ್ಲಿ ಚಿಕ್ಕೋಡಿಗೆ ಹೋಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ವೆರಿ, ಟೂ, ಎನಫ್, ಆಲ್ಮೋಸ್ಟ್ ಎಂಬ ಪುಟ್ಟ ಪದಗಳನ್ನು ವಾಕ್ಯದಲ್ಲಿ ಎಲ್ಲಿ ಇಡಬೇಕೆಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಮಕ್ಕಳು ಹೇಗೋ ಕಲಿಯುತ್ತಾರೆ. ದೊಡ್ಡವರು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿ ಕೇಳುತ್ತಾರೆ, ಅರ್ಧ ಕೇಳಿಸಿಕೊಂಡು ಬಸ್ ಹತ್ತುತ್ತಾರೆ. ಮುಂದೆ ಆಗುವುದೆಲ್ಲ ನನ್ನ ತಲೆಗೆ.

೧. ವೆರಿಗಿಂತ ಒಂದು ಕೈ ಮೇಲೆ

ಅಥಣಿಯಲ್ಲಿ ತೊಗಲಿನ ಚಪ್ಪಲಿ ಮಾಡುವವರೊಬ್ಬರು ಅಂಗಡಿಗೆ ಇಂಗ್ಲಿಷ್ ಬೋರ್ಡು ಹಾಕಿಸಿದರು: ‘ಟೂ ಸ್ಟ್ರಾಂಗ್ ಟು ವೇರ್’.

“ಇಲ್ಲಿ ‘ವೆರಿ ಸ್ಟ್ರಾಂಗ್’ ಅಂತ ಇರಬೇಕ್ರಿ,” ಎಂದೆ.

“ವೆರಿ ಎಲ್ಲಾರೂ ಬರಸ್ತಾರ. ಟೂ ಅಂದ್ರ ಅದಕ್ಕಿಂತ ಒಂದು ಕೈ ಮ್ಯಾಲ ಅಲ್ಲೇನ್ರಿ?”

“ಮ್ಯಾಲನ. ಆದರ ಹಿಂಗ ಬರದ್ರ, ಕಾಲಿಗೆ ಹಾಕ್ಕೊಳ್ಳಾಕ ಬರಲಾರದಷ್ಟು ಗಟ್ಟಿ ಅಂತ ಅರ್ಥ ಆಗ್ತೈತಿ.”

ಅವರು ಬೋರ್ಡನ್ನು ಒಮ್ಮೆ ನೋಡಿದರು, ಚಪ್ಪಲಿಯನ್ನು ಒಮ್ಮೆ ನೋಡಿದರು.

“ಮೊದಲ ಎಂಟು ದಿನ ಕಚ್ಚತಾವ್ರಿ. ಖರೇನ ಬರಸೇನಿ, ಇರಲಿ.”

೨. ಎನಫ್

ಮುಗಳಖೋಡದ ಕಡೆಯ ಒಬ್ಬ ಹೆಡ್‌ಮಾಸ್ತರರು ಶಾಲೆಯ ಕಾರ್ಯಕ್ರಮಕ್ಕೆ ಬರುವ ಅತಿಥಿಯನ್ನು ಇಂಗ್ಲಿಷಿನಲ್ಲೇ ಪರಿಚಯಿಸಬೇಕೆಂದು ಹಟ ಹಿಡಿದರು. ಮೊದಲ ವಾಕ್ಯ, ‘ಯು ಆರ್ ಕೈಂಡ್ ಎನಫ್ ಟು ಕಮ್’. ಅವರು ಪ್ರತಿಸಲ ‘ಎನಫ್ ಕೈಂಡ್’ ಎನ್ನುವುದು, ಎನಫ್ ಕೈಂಡ್ ಆದಮೇಲೆ ಬರಬೇಕು ಸರ್ ಎಂದು ನಾನು ತಿದ್ದುವುದು. ಒಂದು ವಾರ ಇದೇ ಆಯಿತು.

ಆ ದಿನ ಮೈಕಿನ ಮುಂದೆ ನಿಂತವರು, “ಯು ಆರ್ ಕೈಂಡ್...” ಎಂದು ತಡವರಿಸಿ ನನ್ನತ್ತ ನೋಡಿದರು. ನಾನು ಮೊದಲ ಸಾಲಿನಿಂದ, “ಎನಫ್” ಎಂದು ಪಿಸುಗುಟ್ಟಿದೆ. ಅವರು ಕಣ್ಣರಳಿಸಿದರು. ನಾನು ಸ್ವಲ್ಪ ಜೋರಾಗಿ, “ಎನಫ್, ಸರ್, ಎನಫ್” ಎಂದೆ.

ಅವರು ಕೈಮುಗಿದು ಕೂತುಬಿಟ್ಟರು. ಅತಿಥಿ ಯಾರೆಂದು ಊರಿಗೆ ಗೊತ್ತಾಗಲೇ ಇಲ್ಲ.

“ಹಿಂಗ್ಯಾಕ ಮಾಡಿದ್ರಿ, ಸರ್?”

“ನೀವ ಸಾಕು ಅಂದ್ರಲ್ಲ, ಅಕ್ಕೋರ. ಒಂದು ವಾಕ್ಯನೂ ಮುಗಸಾಕ ಬಿಡಲಿಲ್ಲ,” ಎಂದು ನನ್ನ ಮೇಲೇ ಮುನಿಸಿಕೊಂಡರು.

೩. ಆಲ್ಮೋಸ್ಟ್

ನಿಪ್ಪಾಣಿಯಲ್ಲಿ ನಮ್ಮ ಎದುರು ಮನೆಯವರು ತಂಬಾಕಿನ ವ್ಯಾಪಾರಿ. ಅವರ ಬೀಗರು, ಅಳಿಯಂದಿರು ಪುಣೆಯವರು. ಮೊಬೈಲಿನ ಮನೆಮಂದಿ ಗುಂಪಿನಲ್ಲಿ ಮರಾಠಿಯೋ ಕನ್ನಡವೋ ಎಂಬ ಜಗಳ ಬೇಡವೆಂದು ಎಲ್ಲರೂ ಇಂಗ್ಲಿಷ್ ಬರೆಯುತ್ತಾರೆ. ಆಲ್ಮೋಸ್ಟ್ ಕ್ರಿಯಾಪದಕ್ಕಿಂತ ಮೊದಲು ಬರಬೇಕೆಂದು ಅವರಿಗೆ ಎಷ್ಟು ಸಲ ಹೇಳಿದ್ದೇನೋ.

ಒಂದು ಬೆಳಿಗ್ಗೆ ಅವರ ತಂದೆಗೆ ಎದೆನೋವು ಬಂತು. ಆಸ್ಪತ್ರೆಗೆ ಒಯ್ದರೆ ಬರೀ ಗ್ಯಾಸು. ಖುಷಿಯಲ್ಲಿ ಇವರು ಗುಂಪಿಗೆ ‘ಫಾದರ್ ಡೈಡ್’ ಎಂದು ಕಳಿಸಿದರು. ಮರೆತದ್ದು ನೆನಪಾಗಿ ಕೆಳಗೆ ಬೇರೆಯಾಗಿ ‘ಆಲ್ಮೋಸ್ಟ್’ ಎಂದು ಕಳಿಸಿ, ಮೊಬೈಲ್ ಸೈಲೆಂಟ್ ಮಾಡಿ ಜೇಬಿಗಿಟ್ಟು ಅಪ್ಪನನ್ನು ಮನೆಗೆ ಕರೆತಂದರು. ಎರಡನೆಯದನ್ನು ಓದುವಷ್ಟು ವ್ಯವಧಾನ ಪುಣೆಯಲ್ಲಿ ಯಾರಿಗಿತ್ತು?

ಮಧ್ಯಾಹ್ನದ ಹೊತ್ತಿಗೆ ಎರಡು ಕಾರು ಗಡಿಯ ಕೊಗನೊಳ್ಳಿ ಟೋಲ್ ದಾಟಿ ಬಂದು ನಿಂತವು. ಹೆಣ್ಣುಮಕ್ಕಳು ಅಳುತ್ತಲೇ ಇಳಿದರು. ಅಳಿಯನ ಕೈಯಲ್ಲಿ ದೊಡ್ಡ ಹಾರ. ಅಜ್ಜ ಕಟ್ಟೆಯ ಮೇಲೆ ಬನಿಯನ್ ಹಾಕಿಕೊಂಡು ಚುರುಮುರಿ ತಿನ್ನುತ್ತ ಕೂತಿದ್ದರು. ಎಲ್ಲರೂ ನಿಂತಲ್ಲೇ ನಿಂತರು. ಅಳಿಯ ಹಾರವನ್ನು ಬೆನ್ನ ಹಿಂದೆ ಸರಿಸಿದ.

ಅಜ್ಜ ಗಾಬರಿಯಿಂದ, “ಯಾರು ಹೋದ್ರವಾ?” ಎಂದರು.

ಹೆಣ್ಣುಮಕ್ಕಳು ಅಳಿಯನ ಕಡೆ ನೋಡಿದರು.

ಅಜ್ಜ ಚುರುಮುರಿ ಬದಿಗಿಟ್ಟು ಎದ್ದರು. “ಆತು, ತಡೀರಿ. ಅಂಗಿ ಹಾಕ್ಕೊಂಡು ಬರ್ತೀನಿ. ಮಣ್ಣಿಗೆ ನಾನೂ ಬರಬೇಕಲಾ.”