ನನ್ನ ಕಾರಿನ ಮಾಲೀಕರಾದ ದೊಡ್ಡಪ್ಪನವರಿಗೆ

ಶ್ರೀಮಾನ್ ದೊಡ್ಡಪ್ಪನವರು, ಬಿನ್ ಪಾಪಣ್ಣನವರು,
ಹಳೇ ಕ್ಯಾಂಪು, ಬೈಲಕುಪ್ಪೆ, ಪಿರಿಯಾಪಟ್ಟಣ ತಾಲ್ಲೂಕು, ಇವರ ಸನ್ನಿಧಿಗೆ.

ಮಾನ್ಯರೇ,

ಇದೇ ವಿಳಾಸದಲ್ಲಿ, ಇದೇ ಮನೆಯಲ್ಲಿ ವಾಸವಾಗಿರುವ ಧೊಂಡುಪ್ ಎಂಬ ಸ್ವೆಟರ್ ವ್ಯಾಪಾರಿ ತಮಗೆ ಮಾಡುವ ಅನಂತ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವುದು ಶಿಷ್ಟಾಚಾರವೇ ಆದರೂ, ತಾವು ಹುಟ್ಟಿಯೇ ಇಲ್ಲವಾದ್ದರಿಂದ ನೆಗಡಿ, ಮಂಡಿನೋವು, ಬಿ.ಪಿ. ಮುಂತಾದ ಬಾಧೆಗಳು ತಮಗೆ ಇರಲಾರವೆಂದು ಧೈರ್ಯವಾಗಿ ನಂಬಿದ್ದೇನೆ. ಹುಟ್ಟುವ ತೊಂದರೆಯನ್ನೇ ತೆಗೆದುಕೊಳ್ಳದೆ ಒಂದು ಬಿಳಿ ಆಲ್ಟೊ ಕಾರಿನ ಮಾಲೀಕರಾದ ತಮ್ಮಂಥ ಮಹನೀಯರು ನಮ್ಮ ತಾಲ್ಲೂಕಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಆ ಕಾರನ್ನು ಕೊಂಡವನು ನಾನು ಎಂಬ ಸಣ್ಣ ಸಂಗತಿಯನ್ನು ತಮ್ಮ ಗಮನಕ್ಕೆ ತರಲೆಂದೇ ಈ ಪತ್ರ. ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ಅಂಚೆಗೆ ಹಾಕಿದರೆ ಇದು ನನ್ನ ಮನೆಗೇ ಬರುತ್ತದೆ.

ತಮಗೆ ನನ್ನ ಪರಿಚಯ ಇರಲಾರದು. ನಾನು ಹುಟ್ಟಿದ್ದು ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ, ಓದಿದ್ದು ಕೊಪ್ಪದ ಕನ್ನಡ ಶಾಲೆಯಲ್ಲಿ. ಲೆಕ್ಕ ಹಾಕುವುದು, ಸಿಟ್ಟು ಬಂದಾಗ ಬೈಯುವುದು ಎರಡೂ ನನಗೆ ಕನ್ನಡದಲ್ಲೇ ಸಲೀಸು. ಆದರೆ ಅಪ್ಪ ಟಿಬೆಟ್ಟಿನಿಂದ ಬಂದವರಾದ್ದರಿಂದ ಕಾಗದಪತ್ರಗಳ ಪ್ರಕಾರ ನಾನು ವಿದೇಶಿ. ಮಳೆಗಾಲದಲ್ಲಿ ಮುಸುಕಿನ ಜೋಳ ಬೆಳೆಯುತ್ತೇನೆ, ದಸರಾ ಕಳೆದ ಮೇಲೆ ಸ್ವೆಟರಿನ ಗಂಟು ಹೊತ್ತು ಕೆ.ಆರ್. ನಗರ, ಎಚ್.ಡಿ. ಕೋಟೆ, ಅಂತರಸಂತೆಗಳ ಸಂತೆ ಸುತ್ತುತ್ತೇನೆ. ಅಂತರಸಂತೆಯ ಭದ್ರಮ್ಮನವರು ಪ್ರತಿವರ್ಷ ನನ್ನನ್ನು ಕಂಡ ಕೂಡಲೇ, "ಸ್ವೆಟ್ರು ದೊಂಡಪ್ಪ ಬಂದ ಕಣ್ರೇ, ಇನ್ನು ಚಳಿ ಸುರುವಾಯ್ತದೆ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಧೊಂಡುಪ್ ಎನ್ನುವುದು ಅವರ ಬಾಯಲ್ಲಿ ದೊಂಡಪ್ಪ ಆಗುತ್ತದೆ. ಅದು ಪ್ರೀತಿಯಿಂದ ಕರೆಯುವುದಾದ್ದರಿಂದ ನಾನೂ ಖುಷಿಯಿಂದಲೇ ಓಗೊಡುತ್ತೇನೆ.

ಗಂಟು ಹೊತ್ತು ಬಸ್ಸು ಹತ್ತುವುದು ಸಾಕಾಗಿ, ಹಳೆಯದೊಂದು ಕಾರು ಕೊಳ್ಳೋಣವೆಂದು ಹೊರಟೆ. ಅದು ನನ್ನ ಹೆಸರಿನಲ್ಲೇ ಇರಬೇಕೆಂದು ಹಟ ಹಿಡಿದೆ. ಈ ಹಟ ಏಕೆಂದು ತಾವು ಕೇಳಬಹುದು. ನಾವಿರುವ ಮನೆಯ ನೆಲ ಗುತ್ತಿಗೆಯದು, ಉಳುವ ಹೊಲವೂ ಗುತ್ತಿಗೆಯದು. ಹಿಂದೆ ಒಂದು ಬೈಕು ಕೊಂಡಾಗ, ವಿದೇಶಿಯ ಹೆಸರಿನಲ್ಲಿ ಮಾಡಿಸುವುದು ದೊಡ್ಡ ರಗಳೆ ಎಂದು ಎಲ್ಲರೂ ಹೆದರಿಸಿದ್ದರಿಂದ, ಕೊಪ್ಪದಲ್ಲಿ ಬೇಸಾಯ ಮಾಡುವ ನನ್ನ ಗೆಳೆಯ ದೇವರಾಜುವಿನ ಹೆಸರಿನಲ್ಲಿ ಮಾಡಿಸಿದೆವು. "ನನ್ನೆಸ್ರಲ್ಲೇ ಇರ್ಲಿ ಬುಡ್ಲಾ, ನಾನೇನು ತಿಂದ್ಕೊಂಡ್ ಓಗ್ತೀನಾ" ಎಂದ. ಅವನು ತಿಂದುಕೊಂಡು ಹೋಗಲಿಲ್ಲ, ಅವನದು ಬಂಗಾರದಂಥ ಮನಸ್ಸು. ಆದರೆ ಅವನ ಮನೆಯಲ್ಲಿ ಅಣ್ಣತಮ್ಮಂದಿರ ಪಾಲಾದಾಗ, ದೇವರಾಜುವಿನ ಹೆಸರಿನಲ್ಲಿದ್ದದ್ದೆಲ್ಲ ಹಿರಿಯರ ಮುಂದೆ ಬಂತು: ಒಂದು ಜೊತೆ ಎತ್ತು, ಒಂದು ಪಂಪ್‌ಸೆಟ್ಟು ಮತ್ತು ನನ್ನ ಬೈಕು. ಬೈಕು ತಮ್ಮನ ಪಾಲಿಗೆ ಹೋಯಿತು. ದೇವರಾಜು ಕಣ್ಣೀರು ಹಾಕಿದ, ತಮ್ಮ ಹಾರ್ನ್ ಹಾಕಿದ. ಇನ್ನು ಮುಂದೆ ಚಕ್ರವಿರುವ ಏನನ್ನೇ ಕೊಂಡರೂ ಅದು ನನ್ನ ಹೆಸರಿನಲ್ಲಿರಬೇಕು, ಇಲ್ಲವಾದರೆ ನಡೆದೇ ಹೋಗುತ್ತೇನೆಂದು ಆವತ್ತೇ ನಿಶ್ಚಯಿಸಿದೆ.

ಕೆ.ಆರ್. ನಗರದ ಲಿಂಗರಾಜು ಎಂಬ ಸಜ್ಜನರು ಅವರ ಆಲ್ಟೊವನ್ನು ನನಗೆ ಮಾರಿ, ಸಹಿ ಹಾಕಬೇಕಾದಲ್ಲೆಲ್ಲ ಹಾಕಿ, ಕೀ ಕೊಟ್ಟು ಕೈ ಮುಗಿದರು. ಹೆಸರು ಬದಲಾಯಿಸಲು ಕಚೇರಿಗೆ ಹೋದೆ. ಅದು ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ, ಅಲ್ಲಿ ನನಗೆ ಇನ್ನೂ ಕೆಲಸವಿದೆ. ಗುಮಾಸ್ತರು "ಆರ್.ಸಿ. ಕೊಡ್ರೀ" ಎಂದರು. ನಮ್ಮ ಕ್ಯಾಂಪಿನಲ್ಲಿ ಆರ್.ಸಿ. ಎಂದರೆ ಮನುಷ್ಯರದ್ದು, ವಿದೇಶಿಯರೆಂದು ನಮ್ಮ ಫೋಟೊ ಅಂಟಿಸಿ ಕೊಡುವ ನೋಂದಣಿ ಪುಸ್ತಕವನ್ನು ನಾವು ಹಾಗೆಯೇ ಕರೆಯುವುದು, ಅದು ಜೇಬಿನಲ್ಲಿಲ್ಲದೆ ಯಾರೂ ದೂರದೂರಿಗೆ ಹೋಗುವುದಿಲ್ಲ. ಅಭ್ಯಾಸಬಲದಿಂದ ನನ್ನದನ್ನು ತೆಗೆದು ಕೊಟ್ಟೆ. ಅವರು ಫೋಟೊ ನೋಡಿ, ನನ್ನ ಮುಖ ನೋಡಿ, ಕಿಟಕಿಯಾಚೆ ನಿಂತಿದ್ದ ಕಾರನ್ನೂ ನೋಡಿ, "ಇದು ನಿಮ್ದು ಕಣ್ರೀ, ಗಾಡೀದು ಕೊಡಿ" ಎಂದರು. ಗಾಡಿಯದು ಕೊಟ್ಟೆ. "ಸರಿ, ಈಗ ನಿಮ್ದು ಕೊಡಿ" ಎಂದರು.

ಆವತ್ತು ಆ ಎರಡು ಆರ್.ಸಿ.ಗಳನ್ನು ಮೊದಲ ಬಾರಿಗೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಕಾರು ಹುಟ್ಟಿದ್ದು ಉತ್ತರದ ಯಾವುದೋ ಕಾರ್ಖಾನೆಯಲ್ಲಿ, ಓಡಾಡಿ ಬೆಳೆದದ್ದು ಕೇರಳದಲ್ಲಿ, ಲಿಂಗರಾಜು ಅವರ ಮನೆಗೆ ಬಂದದ್ದು ಮೊನ್ನೆ ಮೊನ್ನೆ. ಕೇರಳದಿಂದ ಒಂದು ನಿರಾಕ್ಷೇಪಣಾ ಪತ್ರ ತಂದು, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ಲಿನಲ್ಲಿ ಉಜ್ಜಿ ತೋರಿಸಿದ ಕೂಡಲೇ ಅದು ಅಪ್ಪಟ ಕರ್ನಾಟಕದ ಗಾಡಿಯಾಯಿತು. ಅದಕ್ಕೆ ಒಂದಕ್ಷರ ಕನ್ನಡ ಬರುವುದಿಲ್ಲ. ನನಗೂ ಮೈಮೇಲೆ ಎಲ್ಲಾದರೂ ಚಾಸಿ ನಂಬರು ಇದ್ದಿದ್ದರೆ ಅಂಗಿ ಬಿಚ್ಚಿ ನಾನೇ ಉಜ್ಜಿ ಕೊಡುತ್ತಿದ್ದೆ. ದೇವರು ನಂಬರು ಹೊಡೆಯುವುದನ್ನು ಮರೆತಿದ್ದಾನೆ.

ಗುಮಾಸ್ತರನ್ನು ನಾನು ದೂರುವುದಿಲ್ಲ. ಅವರು ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿದರು. ತಕರಾರು ತೆಗೆದದ್ದು ಕಂಪ್ಯೂಟರು. ಅರ್ಜಿಯಲ್ಲಿ ವಿದೇಶಿ ಎಂಬ ಚೌಕದ ಮನೆಯಲ್ಲಿ ಗುರುತು ಬಿದ್ದದ್ದೇ ತಡ, ಅದು ನನ್ನ ಪಾಸ್‌ಪೋರ್ಟ್ ಸಂಖ್ಯೆಯನ್ನೂ ವೀಸಾ ಸಂಖ್ಯೆಯನ್ನೂ ನಾನು ಭಾರತಕ್ಕೆ ಬಂದಿಳಿದ ವಿಮಾನ ನಿಲ್ದಾಣದ ಹೆಸರನ್ನೂ ಕೇಳಿತು. ನಾನು ಬಂದಿಳಿದದ್ದು ಪಿರಿಯಾಪಟ್ಟಣದ ಹೆರಿಗೆ ವಾರ್ಡಿಗೆ, ಆ ಗಡಿಬಿಡಿಯಲ್ಲಿ ವೀಸಾ ತರುವುದು ಅಮ್ಮನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕಂಪ್ಯೂಟರು ಕೊಟ್ಟ ನಿಲ್ದಾಣಗಳ ಪಟ್ಟಿಯಲ್ಲಿ ಹೆರಿಗೆ ವಾರ್ಡು ಇರಲಿಲ್ಲ. ಅರ್ಜಿ ತಿರಸ್ಕೃತವಾಯಿತು. ಮತ್ತೆ ಹಾಕಿದೆ, ಮತ್ತೆ ತಿರಸ್ಕೃತವಾಯಿತು. ಹುಣಸೂರು ಬಸ್ ನಿಲ್ದಾಣದ ಕಡಲೆಕಾಯಿ ಮಾರುವವರು ನನ್ನ ಮುಖ ನೋಡಿಯೇ "ಇವತ್ತೂ ಆಗ್ಲಿಲ್ವಾ" ಎಂದು ಕೇಳುವಷ್ಟು ಸಲ ಓಡಾಡಿದೆ.

ಇನ್ನು ತಮ್ಮ ಜನನದ ಪುಣ್ಯಕಥೆ. ಕೊಪ್ಪದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಊರಿನವರ ಅರ್ಜಿಗಳನ್ನೆಲ್ಲ ತುಂಬಿಕೊಡುವ ಹುಚ್ಚಯ್ಯ ಎಂಬುವರು ನನ್ನ ಪಾಡು ನೋಡಲಾರದೆ, "ಕೊಡಿಲ್ಲಿ, ನಾನ್ ಆಕ್ತೀನಿ" ಎಂದು ಅದೇ ಕಾಗದಗಳನ್ನು ಇಸಿದುಕೊಂಡರು. ಕರೆಂಟು ಹೋಗುವುದರೊಳಗೆ ಮುಗಿಸಬೇಕೆಂಬ ಅವಸರದಲ್ಲಿ, ಅವರು ನನ್ನನ್ನು ದಿನಾ ಕರೆಯುವ ದೊಂಡಪ್ಪ ಎಂಬ ಹೆಸರನ್ನು ಬೆರಳಿಗೆ ಬಂದಂತೆ ಒತ್ತಿದರು. ಅದು ದೊಡ್ಡಪ್ಪ ಎಂದಾಯಿತು. ನನ್ನ ತಂದೆ ಪಾಸಾಂಗ್ ಅವರು ಪಾಪಣ್ಣನವರಾದರು. ದೊಡ್ಡಪ್ಪ ಬಿನ್ ಪಾಪಣ್ಣ ಎಂದ ಮೇಲೆ ವಿದೇಶಿ ಎಂಬ ಮನೆಯನ್ನು ಮುಟ್ಟುವ ಪ್ರಮೇಯವೇ ಬರಲಿಲ್ಲ. ಜೊತೆಗಿಟ್ಟ ಕಾಗದಗಳಲ್ಲಿ ನನ್ನ ಹೆಸರೇ ಇತ್ತು, ಅವನ್ನು ಯಾರೂ ತೆರೆದು ನೋಡಲಿಲ್ಲ. ಮಾರನೆಯ ದಿನ ಸಂಜೆಗೆ ಮಂಜೂರಾತಿ ಬಂತು. ಇಷ್ಟು ವರ್ಷ ಬದುಕಿದ ನನ್ನಿಂದ ಆಗದ್ದನ್ನು ತಾವು ಹುಟ್ಟಿದ ಮರುದಿನವೇ ಸಾಧಿಸಿದಿರಿ. ಶಭಾಷ್ ಎನ್ನದೆ ವಿಧಿಯಿಲ್ಲ.

ತಮ್ಮ ಕೀರ್ತಿ ಅಲ್ಲಿಗೇ ನಿಲ್ಲಲಿಲ್ಲ. ತಮ್ಮ ಹೆಸರಿನ ಆರ್.ಸಿ. ಕಾರ್ಡು ಹಿಡಿದುಕೊಂಡು ಪೋಸ್ಟ್‌ಮ್ಯಾನು ಕ್ಯಾಂಪಿನಲ್ಲೆಲ್ಲ "ಇಲ್ಲಿ ದೊಡ್ಡಪ್ಪ ಯಾರು" ಎಂದು ಕೇಳಿ, ಎಲ್ಲರಿಂದಲೂ "ಯಾರ ದೊಡ್ಡಪ್ಪ" ಎಂಬ ಮರುಪ್ರಶ್ನೆ ಪಡೆದು ಸುಸ್ತಾಗಿ ನಮ್ಮ ಜಗಲಿಯ ಮೇಲೆ ಕುಳಿತರು. ಅಂದಿನಿಂದ ನನ್ನ ಫೋನಿಗೆ ಬರುವ ಸಂದೇಶಗಳೆಲ್ಲ ತಮಗೇ. ಸಾಲ ಕೊಡುತ್ತೇವೆನ್ನುವವರು, ವಿಮೆ ಮಾಡಿಸಿಕೊಳ್ಳಿ ಎನ್ನುವವರು, ಮೈಸೂರಿನ ಹೊರಗೆ ಸೈಟು ಇದೆ, ಕೂಡಲೇ ಬನ್ನಿ ಎನ್ನುವವರು, ಎಲ್ಲರೂ ಪ್ರಿಯ ದೊಡ್ಡಪ್ಪ ಎಂದೇ ಶುರುಮಾಡುತ್ತಾರೆ. ನನ್ನ ಹೆಸರು ಕೇಳಿದರೆ ಮೂರು ಸಲ ಕಾಗುಣಿತ ಕೇಳುವ ಈ ನಾಡಿನಲ್ಲಿ ತಮಗೆ ಸಿಗುವ ಮರ್ಯಾದೆ ಕಂಡು ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ ಹೇಳಲಿ.

ಒಮ್ಮೆ ಬಿಳಿಕೆರೆಯ ಬಳಿ ಪೊಲೀಸರು ಕೈ ಅಡ್ಡ ಹಿಡಿದರು. ಕಾರ್ಡು ನೋಡಿ, ನನ್ನ ಮುಖ ನೋಡಿ, "ಯಾರ್ರೀ ಇದು" ಎಂದರು. ನಾನು ಕಾರ್ಡಿನಲ್ಲಿದ್ದಂತೆ "ದೊಡ್ಡಪ್ಪ, ಸಾರ್" ಎಂದೆ. "ನಿಮ್ ದೊಡ್ಡಪ್ಪನ್ ಗಾಡಿನಾ? ಮೊದ್ಲೇ ಯೋಳಾದಲ್ವಾ, ಓಗಿ ಓಗಿ" ಎಂದು ಬಿಟ್ಟರು. ಹೀಗೆ ತಾವು ನನ್ನ ಸಂಬಂಧಿಕರೂ ಆದಿರಿ. ಈ ಕಥೆ ಹೇಳಿದಾಗ ದೇವರಾಜು ನಕ್ಕು ನಕ್ಕು ಕೆಮ್ಮಿದ. ಹುಚ್ಚಯ್ಯನವರಂತೂ, "ಇನ್ನೇನ್ರೀ ಮತ್ತೆ, ಸುಮ್ಕೆ ಓಡಿಸ್ಕಂಡಿರಿ. ಎಸ್ರಲ್ಲೇನದೆ?" ಎಂದರು. ಸ್ವಲ್ಪ ದಿನ ನಾನೂ ಹಾಗೆಯೇ ಓಡಿಸಿಕೊಂಡಿದ್ದೆ. ನನ್ನ ಹೆಸರು ಹೋದದ್ದಕ್ಕೆ ನಗು ಬಂದಿತ್ತು, ಆ ನಗುವಿನಲ್ಲಿ ಕಾರ್ಡಿನ ಎರಡನೇ ಸಾಲನ್ನು, ಅಪ್ಪನ ಹೆಸರಿರಬೇಕಾದ ಸಾಲನ್ನು, ನಾನು ಸರಿಯಾಗಿ ನೋಡಿರಲಿಲ್ಲ.

ನೋಡಿದ ದಿನ ಮೈಯೆಲ್ಲ ಉರಿಯಿತು. ಮಾನ್ಯರೇ, ನನ್ನ ಅಪ್ಪ ಮೀಸೆ ಮೂಡದ ವಯಸ್ಸಿನಲ್ಲಿ ಇಲ್ಲಿಗೆ ಬಂದು, ಈ ಕ್ಯಾಂಪು ಇನ್ನೂ ಕಾಡಾಗಿದ್ದಾಗ ಮರದ ಬುಡ ಅಗೆದು ನೆಲ ಮಾಡಿದವರು. ಅವರು ಮೊದಲು ಕಲಿತ ಕನ್ನಡದ ಮಾತು ಆನೆ. ಅದೊಂದನ್ನು ಸಮಯಕ್ಕೆ ಸರಿಯಾಗಿ ಕೂಗಲು ಬಂದದ್ದರಿಂದಲೇ ಬದುಕಿಕೊಂಡೆ ಎನ್ನುತ್ತಿದ್ದರು. ಸುತ್ತಲಿನ ಹಳ್ಳಿಯವರು ಅವರನ್ನು ಪಾಸಂಗಣ್ಣ ಎಂದು ಕರೆಯುತ್ತಿದ್ದರು, ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದರು. ಪಾಸಂಗಣ್ಣ ಎಂದರೆ ಅಪ್ಪ ಹೊಲದಾಚೆಯಿಂದ ಓಗೊಡುತ್ತಿದ್ದರು. ಪಾಪಣ್ಣ ಎಂದು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಅವರಿಗೆ ಸಾಯುವವರೆಗೂ ಈ ನೆಲದಲ್ಲಿ ಏನೊಂದೂ ಹೆಸರಿಗೆ ಬರಲಿಲ್ಲ. ಕೊನೆಗೆ ಮಗನ ಹಳೇ ಕಾರಿನ ಕಾರ್ಡಿನಲ್ಲಿ, ಮಗನ ಹೆಸರಿನ ಕೆಳಗೆ, ಬಿನ್ ಎಂಬ ಪುಟ್ಟ ಪದದ ಮುಂದೆ ಒಂದು ಜಾಗ ಸಿಕ್ಕಿತ್ತು. ಅದನ್ನೂ ತಮ್ಮ ತಂದೆಯವರು ಕಬಳಿಸಿದ್ದಾರೆ. ಅವರ ಮೇಲೆ ನನಗೆ ತುಂಬಾ ಸಿಟ್ಟಿದೆ. ದಯವಿಟ್ಟು ತಿಳಿಸಿಬಿಡಿ.

ತಿದ್ದುಪಡಿಗೆಂದು ಮತ್ತೆ ಕಚೇರಿಗೆ ಹೋದೆ. ದಾಖಲೆಯ ಪ್ರಕಾರ ಕಾರು ದೊಡ್ಡಪ್ಪನವರದು, ತಿದ್ದುವುದಕ್ಕೂ ವರ್ಗಾಯಿಸುವುದಕ್ಕೂ ಅವರೇ ಖುದ್ದಾಗಿ ಬಂದು ಸಹಿ ಮಾಡಬೇಕು ಎಂದರು. ದೊಡ್ಡಪ್ಪ ಎಂಬವರು ಇಲ್ಲ ಎಂದೆ. ಇಲ್ಲ ಎಂದರೆ ತೀರಿಕೊಂಡಿದ್ದಾರೆಯೇ, ಹಾಗಿದ್ದರೆ ಮರಣಪತ್ರ ತನ್ನಿ, ವಾರಸುದಾರರ ಹೆಸರಿಗೆ ಮಾಡಿಕೊಡೋಣ ಎಂದರು. ಇದನ್ನು ಕೇಳಿ ಹುಚ್ಚಯ್ಯನವರ ಮುಖ ಅರಳಿತು. "ದೊಡ್ಡಪ್ಪನ್ನ ಸಾಯಿಸ್ಬುಡವಾ? ಒಂದ್ ವಾರದ ಕೆಲ್ಸ" ಎಂದರು. ನಾನು ಬೇಡವೆಂದೆ. ನನ್ನಿಂದ ಹುಟ್ಟಿದವರನ್ನು ನಾನೇ ಸಾಯಿಸುವುದು ನಮ್ಮ ಧರ್ಮಕ್ಕೆ ಸಲ್ಲದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ತಾವು ದಯಮಾಡಿ ಒಂದು ಸೋಮವಾರ ಬಿಡುವು ಮಾಡಿಕೊಂಡು ಕಚೇರಿಗೆ ಬಂದು ಸಹಿ ಮಾಡಬೇಕು, ಬಸ್ ಚಾರ್ಜು ನನ್ನದು. ಬೆರಳಚ್ಚು ಕೇಳಿದರೆ ಬೆರಳನ್ನೂ ಜೊತೆಗೆ ತರಬೇಕು. ಅದು ಆಗದಿದ್ದರೆ, ತಾವೇ ಸ್ವಂತ ಇಚ್ಛೆಯಿಂದ ಸಾವಕಾಶವಾಗಿ ತೀರಿಕೊಳ್ಳಬೇಕು, ಅದಕ್ಕೆ ಮುಂಚೆ ನನ್ನನ್ನು ದತ್ತು ತೆಗೆದುಕೊಳ್ಳಬೇಕು. ದೊಡ್ಡಪ್ಪನವರ ಮಗನಾದರೆ ಕಾರಷ್ಟೇ ಅಲ್ಲ, ಈ ದೇಶವೂ ನನಗೆ ಪಿತ್ರಾರ್ಜಿತವಾಗಿ ಬರುತ್ತದೆ. ನಾಳೆಯಿಂದ ನನ್ನ ಆರ್.ಸಿ. ನವೀಕರಿಸುವ ಕೆಲಸವೇ ಇರುವುದಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ತಮ್ಮ ಮಗನಾದರೆ ನಾನು ಪಾಪಣ್ಣನವರ ಮೊಮ್ಮಗನಾಗಬೇಕು, ಪಾಸಾಂಗರ ಮಗನಾಗಿ ಉಳಿಯುವುದು ಸಾಧ್ಯವಿಲ್ಲ. ಹಾಗಾಗಿ ದತ್ತಿನ ವಿನಂತಿಯನ್ನು ಗೌರವಪೂರ್ವಕವಾಗಿ ಹಿಂತೆಗೆದುಕೊಂಡಿದ್ದೇನೆ. ದೊಡ್ಡಪ್ಪ ಎಂಬವರು ಇಲ್ಲ, ಇರುವವನು ನಾನು, ನನ್ನ ತಂದೆ ಪಾಸಾಂಗ್ ಎಂದು ಸ್ವಂತ ಕೈಯಲ್ಲಿ ಅರ್ಜಿ ಬರೆದು, ವಿದೇಶಿ ಎಂಬ ಮನೆಯಲ್ಲಿ ನಾನೇ ಗುರುತು ಹಾಕಿ ಕೊಟ್ಟು ಬಂದಿದ್ದೇನೆ. ಕಂಪ್ಯೂಟರು ಮತ್ತೆ ವೀಸಾ ಕೇಳುತ್ತಿದೆ. ಇತ್ಯರ್ಥವಾಗುವವರೆಗೆ ಗಾಡಿ ಓಡಿಸಬಾರದಂತೆ. ಕಾರು ಮನೆಯ ಮುಂದೆ ನಿಂತಿದೆ, ಕೋಳಿಗಳು ಅದರ ಕೆಳಗೆ ಮಲಗುತ್ತವೆ. ಈ ಸಲದ ಚಳಿಗೂ ನಾನು ಗಂಟು ಹೊತ್ತು ಬಸ್ಸಿನಲ್ಲೇ ಅಂತರಸಂತೆಗೆ ಹೋಗುತ್ತೇನೆ.

ತಮ್ಮ ಕಾರಿನ ಧೂಳು ಒರೆಸುತ್ತಿರುವ,
ತಮ್ಮ ವಿಶ್ವಾಸಿ,
ಧೊಂಡುಪ್, ಬಿನ್ ಪಾಸಾಂಗ್

ಮರೆತ ಮಾತು: ಕಾರು ಓಡುತ್ತಿದ್ದ ದಿನಗಳಲ್ಲಿ ಸೀಟ್ ಬೆಲ್ಟ್ ಹಾಕದ ತಪ್ಪಿಗೆ ಹೆದ್ದಾರಿಯ ಕ್ಯಾಮೆರಾ ತಮ್ಮ ಹೆಸರಿಗೆ ಕಳಿಸಿದ ದಂಡದ ನೋಟೀಸು ಇವತ್ತು ಬಂದಿದೆ. ಅದರಲ್ಲಿ ಹೆಸರು ತಮ್ಮದು, ಫೋಟೊ ನನ್ನದು. ಹುಚ್ಚಯ್ಯನವರು ಅದನ್ನು ತಮ್ಮ ತಲೆಗೇ ಕಟ್ಟಲು ಹೇಳಿದರು, ಆದರೆ ನಾನು ತಕರಾರಿಲ್ಲದೆ ಕಟ್ಟಿ ರಸೀದಿಯನ್ನೂ ನೋಟೀಸನ್ನೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ನನ್ನ ಮುಖವಿರುವ ಸರ್ಕಾರಿ ಕಾಗದಗಳ ಪೈಕಿ ನನ್ನನ್ನು ವಿದೇಶಿ ಎನ್ನದೆ ಬೈದಿರುವುದು ಇದೊಂದೇ.